ಐವತ್ತೊಂದು ಕಿಲೋ ಇನ್ನೂರು

ಹುಕ್ಕೇರಿಯಲ್ಲಿ ಆ ಭಾನುವಾರ ನನ್ನ ತೂಕ ಐವತ್ತೊಂದು ಕಿಲೋ ಇನ್ನೂರು ಗ್ರಾಂ ಇತ್ತು. ನಾಗನೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಹತ್ತನೇ ತರಗತಿಯಲ್ಲಿ ನಾನು ತೆಗೆದ ಅಂಕ ಅವರಿಗೆ ಗೊತ್ತಿಲ್ಲ, ಮನೆಯ ಗೋಡೆಗೆ ತೂಗುಹಾಕಿದ ಎರಡು ಪದಕ ಎಲ್ಲಿ ಬಂದವು ಅನ್ನುವುದೂ ಗೊತ್ತಿಲ್ಲ. ತೂಕ ಮಾತ್ರ ಗ್ರಾಮಿನ ಲೆಕ್ಕದಲ್ಲಿ ಬಾಯಿಪಾಠವಾಗಿದೆ. ಹೆಣ್ಣುಮಗಳ ತೂಕ ಊರಿಗೆಲ್ಲ ಗೊತ್ತಾಗುವುದು ಎಂಥ ನಾಚಿಕೆಗೇಡು ಅಂತ ನಮ್ಮವ್ವ ಕಾಶೆವ್ವ ಆಗಾಗ ಅನ್ನುತ್ತಾಳೆ. ನಾಚಿಕೆ ಇರುವುದು ಅಲ್ಲಲ್ಲ ಅಂತ ಅವಳಿಗೂ ಗೊತ್ತು.

ನಾನು ರಾಜೇಶ್ವರಿ, ಕುಸ್ತಿ ಹಿಡಿಯುವವಳು. ಮೂಡಲಗಿಯಲ್ಲಿ ಯಲ್ಲೇಶ ಸರ್ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಮ್ಯಾಟ್ ಹಾಸಿ ತಾಲೀಮು ನಡೆಸುತ್ತಾರೆ. ನಾಗನೂರಿನಿಂದ ಅಲ್ಲಿಗೆ ಹೋಗುವ ಹುಡುಗಿಯರು ಇಬ್ಬರೇ, ನಾನು ಮತ್ತು ಮಾಯಾ. ನನ್ನ ಸ್ಕೂಟಿ, ಹಿಂದೆ ಅವಳು, ನಡುವೆ ಎರಡು ಬ್ಯಾಗು. ಐದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ನಾವು. ಅವಳಪ್ಪ ಭೀಮರಾಯನಿಗೆ ನಲವತ್ತು ಕುರಿ, ಒಂದಿಷ್ಟು ಹೊಲ. ನನ್ನಪ್ಪ ಮುರಿಗೆಪ್ಪನಿಗೆ ಮನೆಯ ಮುಂದೆಯೇ ಅಂಗಡಿ. ರೈತರು ತಂದ ಗೋವಿನಜೋಳ, ಅರಿಸಿನ ಕೊಂಡು ಗೋಕಾಕದ ದೊಡ್ಡ ವ್ಯಾಪಾರಿಗಳಿಗೆ ಕೊಡುತ್ತಾನೆ. ಅಂಗಡಿಯ ಗೋಡೆಗೆ ಬಸವಣ್ಣನವರ ಫೋಟೋ, ಅದರ ಕೆಳಗೆ ಕಾಟಾ. ಕಾಟಾ ಅಂದರೆ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ. ಮೊಣಕಾಲೆತ್ತರದ ಕಬ್ಬಿಣದ ಹಲಗೆ, ಮೇಲೆ ಕೆಂಪು ಅಂಕಿ ಮೂಡುವ ಡಬ್ಬಿ. ತಾಲೀಮಿನ ತೂಕದ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ಹಾಗಾಗಿ ನಾನೂ ಮಾಯಾಳೂ ತೂಕ ನೋಡಿಕೊಳ್ಳುತ್ತಿದ್ದದ್ದು ಅಪ್ಪನ ಕಾಟಾದ ಮೇಲೆ.

ಹುಕ್ಕೇರಿಯಲ್ಲಿ ಜಿಲ್ಲೆಯ ಆಯ್ಕೆ ಕುಸ್ತಿ ಇತ್ತು. ಅಲ್ಲಿ ಮೊದಲ ಮೂರರಲ್ಲಿ ಬಂದವರಿಗೆ ಕ್ರೀಡಾ ಹಾಸ್ಟೆಲಿನ ಪರೀಕ್ಷೆಗೆ ಪತ್ರ ಸಿಗುತ್ತದೆ. ಹಾಸ್ಟೆಲಿನಲ್ಲಿ ಊಟ, ಓದು, ಕೋಚು ಎಲ್ಲ ಅವರದೇ. ನನಗೆ ಅದು ಆಸೆ. ಮಾಯಾಗೆ ಅದೊಂದೇ ದಾರಿ, ಯಾಕೆಂದರೆ ಅವಳಜ್ಜಿ ದುಂಡವ್ವ ಆಗಲೇ ಗಂಡು ನೋಡಲು ಶುರುಮಾಡಿದ್ದಳು. ನನಗೆ ಐವತ್ತು ಕಿಲೋದ ಗುಂಪು, ಅವಳಿಗೆ ಐವತ್ತಮೂರರದು. ನಮ್ಮಿಬ್ಬರಿಗೂ ವಯಸ್ಸಿನ ಮಿತಿಯಲ್ಲಿ ಅದೇ ಕೊನೆಯ ವರ್ಷ.

ಕುಸ್ತಿ ಹಿಡಿಯುವವರನ್ನು ನೋಡಿ ಜನ ಏನೇನೋ ಅಂದುಕೊಳ್ಳುತ್ತಾರೆ. ಸ್ಪರ್ಧೆಗೆ ಹದಿನೈದು ದಿನ ಇರುವಾಗ ನಮ್ಮ ತಲೆಯಲ್ಲಿ ಎದುರಾಳಿ ಇರುವುದಿಲ್ಲ, ರೊಟ್ಟಿ ಇರುತ್ತದೆ. ಎಂದೂ ಇಷ್ಟವಿಲ್ಲದ ಹಾಗಲಕಾಯಿ ಪಲ್ಯದ ವಾಸನೆಗೂ ಬಾಯಲ್ಲಿ ನೀರು ಬರುತ್ತದೆ, ಆ ನೀರನ್ನೂ ಉಗುಳಬೇಕು. ತಿಂಗಳ ಮುಟ್ಟು ಅದೇ ವಾರ ಬಂದರೆ ಮೈಯಲ್ಲಿ ನೀರು ನಿಲ್ಲುತ್ತದೆ ಅಂತ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚುತ್ತೇವೆ. ಉಗುರು ಕತ್ತರಿಸಿದರೆ ಎಷ್ಟು ಗ್ರಾಂ ಹೋದೀತು ಅಂತ ಮಾಯಾ ಒಂದು ದಿನ ಗಂಭೀರವಾಗಿಯೇ ಕೇಳಿದಳು. ನಾನು ನಗಲಿಲ್ಲ, ಲೆಕ್ಕ ಹಾಕಿದೆ.

ಆ ಮಂಗಳವಾರ ಕಾಟಾ ನನಗೆ ಐವತ್ತೆರಡು ತೋರಿಸಿತು, ಮಾಯಾಗೆ ಐವತ್ತೈದು. ಇನ್ನು ಹನ್ನೆರಡೇ ದಿನ. ನಾನು ರಾತ್ರಿ ಅವ್ವನ ಮೇಲೆ ಸುಮ್ಮನೆ ಹರಿಹಾಯ್ದೆ, ತಟ್ಟೆ ದೂಡಿದೆ. ಬುಧವಾರ ಬೆಳಿಗ್ಗೆ ಹತ್ತಿ ನಿಂತರೆ ಐವತ್ತು ಏಳುನೂರು. ಒಂದೇ ದಿನದಲ್ಲಿ ಒಂದು ಕಿಲೋ ಮುನ್ನೂರು ಇಳಿದಿತ್ತು. ಮಾಯಾಗೂ ಹೆಚ್ಚುಕಡಿಮೆ ಅಷ್ಟೇ.

"ರಾಜಿ, ಕಾಟಾ ಸರಿ ಐತಿಲ್ಲೋ?" ಅಂದಳು ಮಾಯಾ.

"ನಿನ್ನಿ ಎರಡ ತಾಸ ಓಡಿದ್ದು ಸುಳ್ಳೇನ?" ಅಂದೆ.

"ಸುಳ್ಳಲ್ಲ ಖರೆ. ಆದ್ರೂ..."

"ಇಳದ್ರೂ ನಿನಗ ಚಿಂತಿ, ಇಳೀಲಿಲ್ಲಂದ್ರೂ ಚಿಂತಿ. ಇಳಿ ಕೆಳಗ, ಹೊತ್ತಾತು."

ಅವಳ ಬಾಯಿ ಮುಚ್ಚಿಸಿದೆ. ಬಾಯಿ ಮುಚ್ಚಿಸುವುದರಲ್ಲಿ ನಾನು ಜಾಣೆ.

ಈಗ ಹೇಳಲೇಬೇಕಾದ ಮಾತು ಹೇಳಿಬಿಡುತ್ತೇನೆ. ಆ ಡಬ್ಬಿಯ ಕೆಳಗೆ, ಹೆಬ್ಬೆರಳಿಗೆ ಸಿಗುವಂತೆ, ಒಂದು ಸಣ್ಣ ಗುಂಡಿ ಇತ್ತು. ಒತ್ತಿದರೆ ಕಾಟಾ ನೂರು ಕಿಲೋಕ್ಕೆ ಎರಡೂವರೆ ಕಿಲೋ ಕಡಿಮೆ ತೋರಿಸುತ್ತಿತ್ತು. ಮತ್ತೆ ಒತ್ತಿದರೆ ಸೀದಾ. ಒಂಬತ್ತನೇ ತರಗತಿಯಲ್ಲಿದ್ದಾಗ ಹೊಲಿಗೆ ಬಿಚ್ಚದ ಐವತ್ತು ಕಿಲೋದ ಗೊಬ್ಬರದ ಚೀಲ ಕಾಟಾದ ಮೇಲೆ ಕಡಿಮೆ ಬಂದದ್ದನ್ನು ನೋಡಿ ಅಪ್ಪನನ್ನು ಕೇಳಿದ್ದೆ. "ಅದು ರೈತರ ಮಾಲಿಗೆ ಇಟ್ಟಿದ್ದ, ರಾಜವ್ವ. ತೇವ, ಹೊಟ್ಟು, ಮಣ್ಣು ಎಲ್ಲಾ ಬರ್ತೈತಲ್ಲ, ಅದನ್ನ ಕಾಟಾನ ಕಳೀತೈತಿ," ಅಂದಿದ್ದ. ನನಗೆ ಅದು ಜಾಣತನ ಅನ್ನಿಸಿತ್ತು. ಅಪ್ಪ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಕಾಯಕ ಕಾಯಕ ಅನ್ನುತ್ತ ಅಂಗಡಿ ಬಾಗಿಲು ತೆಗೆಯುವವನು. ಅವನ ಹೆಬ್ಬೆರಳಿನ ಬಗ್ಗೆ ಯೋಚಿಸಬೇಕು ಅಂತ ನನಗೆ ಎಂದೂ ಅನ್ನಿಸಲಿಲ್ಲ. ಮಾಯಾಗೂ ಹೇಳಲಿಲ್ಲ. ಅವಳಪ್ಪನ ಚೀಲಗಳೂ ಅದರ ಮೇಲೆಯೇ ಏರುತ್ತಿದ್ದವು.

ಬೆಳಿಗ್ಗೆ ಕಾಟಾ ಸೀದಾ ಇರುತ್ತದೆ, ರೈತರು ಬರುವುದು ಹತ್ತರ ಮೇಲೆ, ಆಗ ಅಪ್ಪ ಗುಂಡಿ ಒತ್ತುತ್ತಾನೆ, ಸಂಜೆ ತಿರುಗಿಸುತ್ತಾನೆ. ಇದು ನನಗೆ ಗೊತ್ತಿದ್ದ ಪದ್ಧತಿ. ಆ ಮಂಗಳವಾರ ಗೋವಿನಜೋಳದ ಸುಗ್ಗಿಯ ಮೊದಲ ಟ್ರ್ಯಾಕ್ಟರುಗಳು ಬಂದಿದ್ದವು. ಅಂದಿನಿಂದ ಅಪ್ಪನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ, ಗುಂಡಿ ತಿರುಗಿಸುವುದು ಎಲ್ಲಿಂದ ನೆನಪಿರಬೇಕು. ಹೊಲಿಗೆ ಬಿಚ್ಚದ ಗೊಬ್ಬರದ ಚೀಲವೊಂದು ಆಗಲೂ ಮೂಲೆಯಲ್ಲಿ ಇತ್ತು. ಎತ್ತಿ ಇಟ್ಟು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಇಡಲಿಲ್ಲ. ನನಗೆ ಬೇಕಾದ ಅಂಕಿ ಕಣ್ಣಿಗೆ ಬಿತ್ತು, ನಂಬಿದೆ. ನಂಬಿದೆ ಅನ್ನುವುದೂ ಪೂರ್ತಿ ಖರೆಯಲ್ಲ. ಒಳಗೆ ಏನೋ ಕುಟುಕಿತ್ತು, ಆದರೆ ಮತ್ತೆ ಒಂದೂಕಾಲು ಕಿಲೋ ಇಳಿಸಬೇಕಲ್ಲ ಅನ್ನುವ ಭಯಕ್ಕೆ ಅದನ್ನು ಅಲ್ಲೇ ಒತ್ತಿಬಿಟ್ಟೆ.

ಸ್ಪರ್ಧೆಯ ಹಿಂದಿನ ದಿನ, ಶನಿವಾರ, ಕಾಟಾ ನನಗೆ ನಲವತ್ತೊಂಬತ್ತು ಒಂಬೈನೂರು ತೋರಿಸಿತು, ಮಾಯಾಗೆ ಐವತ್ತೆರಡು ಎಂಟುನೂರು. ಇನ್ನು ಓಡುವುದು ಬೇಡ, ಕೈಕಾಲಲ್ಲಿ ಶಕ್ತಿ ಉಳಿಯಲಿ ಅಂತ ನಾವೇ ನಿರ್ಧರಿಸಿದೆವು.

ಮಧ್ಯಾಹ್ನ ಯಲ್ಲೇಶ ಸರ್ ಜೊತೆ ಬಸ್ಸು ಹತ್ತಿದೆವು. ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿ ನಿಂತರೂ ಎದುರಿಗೆ ಕರದಂಟಿನ ಅಂಗಡಿ. ಎರಡು ದಿನದಿಂದ ಅರ್ಧ ರೊಟ್ಟಿಯ ಮೇಲಿದ್ದವರಿಗೆ ಅದು ಸಣ್ಣ ಶಿಕ್ಷೆಯಲ್ಲ. ತುಪ್ಪದಲ್ಲಿ ಹುರಿದ ಅಂಟಿನ ವಾಸನೆಗೆ ಮಾಯಾ ದುಪಟ್ಟಾ ಮೂಗಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಸರ್ ಹುಕ್ಕೇರಿ ಬಸ್ಸು ವಿಚಾರಿಸಲು ಹೊರಟವರು ನಿಂತು, "ಹತ್ತ ಮಿನಿಟ ಬಿಟ್ಟ ಹೊಂಟೇನಿ. ನಿಮ್ಮ ಮ್ಯಾಲೆ ನಂಬಿಕಿ ಐತಿ," ಅಂದರು. ಅವರು ಬರುವವರೆಗೆ ನಾವು ಒಂದು ಹನಿ ನೀರನ್ನೂ ಮುಟ್ಟಲಿಲ್ಲ. ಮುಂದಿನ ಬಸ್ಸು ಬೆಲ್ಲದ ಬಾಗೇವಾಡಿ ದಾಟುವಾಗ ಮಾಯಾ ನನ್ನ ಹೆಗಲಿಗೆ ತಲೆ ಇಟ್ಟು, "ನಾಳಿ ತೂಕ ಆದಕೂಡ್ಲೇ ಮೊದಲ ಏನ ತಿಂತಿ?" ಅಂತ ಕೇಳಿದಳು. ಆ ಪ್ರಶ್ನೆಯ ಮೇಲೆ ಹುಕ್ಕೇರಿ ಬರುವವರೆಗೂ ಮಾತಾಡಿದೆವು.

ಬೆಳಿಗ್ಗೆ ಏಳರಿಂದ ಏಳೂವರೆ ತೂಕದ ಹೊತ್ತು. ಒಂದು ಕೋಣೆಯ ಬಾಗಿಲಿಗೆ ಪರದೆ, ಒಳಗೆ ಒಬ್ಬ ಮೇಡಂ, ಅವರ ಮುಂದೆ ಯಂತ್ರ. ಹೊರಗೆ ಸಾಲಿನಲ್ಲಿ ಇಪ್ಪತ್ತು ಮೂವತ್ತು ಹುಡುಗಿಯರು. ಯಾರೂ ಮಾತಾಡುವುದಿಲ್ಲ, ಒಬ್ಬರನ್ನೊಬ್ಬರು ಸೊಂಟದಿಂದ ಕಾಲಿನವರೆಗೆ ಅಳೆಯುತ್ತಾರೆ. ಇವಳು ನನ್ನ ಗುಂಪಿನವಳೋ, ಇವಳ ಕುತ್ತಿಗೆ ಯಾಕೆ ಇಷ್ಟು ದಪ್ಪ, ಇವಳು ನಿದ್ದೆ ಮಾಡಿದ್ದಾಳೆ ನನಗೆ ಬರಲಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಮೂರು ಸಲ ಪಾಯಿಖಾನೆಗೆ ಹೋಗಿ ಬಂದಿದ್ದೆ.

ನಾನು ಹತ್ತಿ ನಿಂತೆ. ಅಂಕಿ ಕುಣಿದು ನಿಂತಿತು. ಐವತ್ತೊಂದು ಕಿಲೋ ಇನ್ನೂರು.

"ಇನ್ನೊಮ್ಮೆ ನೋಡ್ರಿ ಮೇಡಂ," ಅಂದೆ. ಇಳಿದು ಹತ್ತಿದೆ. ಕಿವಿಯೋಲೆ ತೆಗೆದೆ, ಮತ್ತೆ ಹತ್ತಿದೆ. ಯಂತ್ರಕ್ಕೆ ನನ್ನ ಮೇಲೆ ಕರುಣೆಯಿರಲಿಲ್ಲ. ನನ್ನ ಹಿಂದೆಯೇ ಮಾಯಾ. ಐವತ್ನಾಲ್ಕು ಕಿಲೋ ನೂರೈವತ್ತು. ಅಷ್ಟರಲ್ಲಿ ನನಗೆ ತಿಳಿಯಿತು. ಇಬ್ಬರಿಗೂ ಒಂದೇ ಕಡೆ ಒಂದೇ ಅಳತೆಯ ಪೆಟ್ಟು ಬೀಳಬೇಕಾದರೆ ಅದಕ್ಕೆ ಕಾರಣ ಒಂದೇ ಇರಬೇಕು.

ಮೇಡಂ ಪರದೆ ಸರಿಸಿ ಹೊರಗಿನವರಿಗೆ ಓದಿ ಹೇಳಿದರು. ಯಲ್ಲೇಶ ಸರ್ ಮುಖ ಕೆಂಪಾಯಿತು.

"ನಿನ್ನಿ ಎಷ್ಟಿತ್ತು?"

"ನಲವತ್ತೊಂಬತ್ತು ಒಂಬೈನೂರು ಸರ್."

"ಮಾಯಾಂದು?"

"ಐವತ್ತೆರಡು ಎಂಟನೂರು."

"ಹಂಗಾದ್ರ ನಡಕ ಏನ ನುಂಗಿದ್ರಿ?"

ನಾಲ್ಕು ತಾಲೂಕಿನ ಜನ ನಿಂತಿದ್ದರು. ಅವರಲ್ಲಿ ನಮ್ಮ ಕಡೆಯವರೂ ಇದ್ದರು, ಅಪ್ಪನ ಅಂಗಡಿ ನೋಡಿದವರೂ ಇದ್ದರು. ಕಾಟಾ ಅಂತ ಒಂದು ಮಾತು ಬಾಯಿಂದ ಬಿದ್ದರೆ ಮುಂದೆ ಏನೇನು ಎಳೆದುಕೊಂಡು ಬರುತ್ತದೆ ಅಂತ ಆ ಒಂದು ಗಳಿಗೆಯಲ್ಲಿ ನನಗೆ ಚೆನ್ನಾಗಿ ಕಂಡಿತು. ಕುಸ್ತಿಯಲ್ಲಿ ಇಷ್ಟು ಬೇಗ ನನ್ನ ತಲೆ ಎಂದೂ ಓಡಿದ್ದಿಲ್ಲ.

"ಕರದಂಟು ತಿಂದ್ವಿ ಸರ್," ಅಂದೆ. "ಗೋಕಾಕದಾಗ. ನೀವ ಬಸ್ ಕೇಳಾಕ ಹೋದಾಗ. ನೀರೂ ಕುಡದ್ವಿ."

"ಇಬ್ರೂನಾ?"

"ಇಬ್ರೂ."

ಮಾಯಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳ ತುಟಿ ಒಣಗಿ ಸೀಳಿತ್ತು.

ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಸೋತವ್ರನ್ನ ನಾ ಎಂದೂ ಬೈದಿಲ್ಲ. ಒಂದ ದಿನ ಬಾಯಿ ಕಟ್ಟಾಕ ಆಗದವ್ರು, ನಂಬಿಕಿ ಉಳಿಸಿಕೊಳ್ಳಾಕ ಆಗದವ್ರು ನನಗ ಬ್ಯಾಡ. ನಾಳಿಂದ ತಾಲೀಮಿಗೆ ಬರಬ್ಯಾಡ್ರಿ, ಇಬ್ರೂ," ಅಂದರು. ಆಮೇಲೆ ಗೋಡೆಯ ಗಡಿಯಾರ ನೋಡಿ, "ಇನ್ನ ಇಪ್ಪತ್ತ ಮಿನಿಟ ಐತಿ. ಓಡ್ರಿ. ಇಳೀಲಿಕ್ಕಿಲ್ಲ, ಆದ್ರೂ ಓಡ್ರಿ," ಅಂದರು.

ಓಡಿದೆವು. ಎರಡೆರಡು ಜಾಕೆಟ್ ಹಾಕಿಕೊಂಡು ಮೈದಾನದ ಸುತ್ತ. ಮೈಯಲ್ಲಿ ಬೆವರು ಇದ್ದರೆ ತಾನೆ ಬರುವುದು. ಮಾಯಾ ಎರಡು ಸುತ್ತು ಸುಮ್ಮನೆ ಓಡಿದಳು. ಮೂರನೆಯದರಲ್ಲಿ ಕೇಳಿದಳು.

"ನನ್ನ ಹೆಸರ ಯಾಕ ಹೇಳಿದಿ?"

ನಾನು ಜಾಕೆಟ್ಟಿನ ಜಿಪ್ಪು ಗಂಟಲವರೆಗೆ ಎಳೆದುಕೊಂಡೆ.

"ನಿಮ್ಮ ಕಾಟಾ ಹೌದಿಲ್ಲೋ?"

"ಮಾತಾಡಬ್ಯಾಡ. ಉಸರ ಹೋಗ್ತೈತಿ. ಓಡು."

"ನಮ್ಮಪ್ಪ ಮೊನ್ನಿ ಇಪ್ಪತ್ತ ಚೀಲ ಹಾಕ್ಯಾನ." ಅವಳು ನಿಂತುಬಿಟ್ಟಳು. "ನಿನಗ ಗೊತ್ತಿತ್ತೇನ ರಾಜಿ?"

ನಾನು ಓಡುತ್ತಲೇ ಹೋದೆ. ಹಿಂದೆ ಅವಳ ಹೆಜ್ಜೆಯ ಸಪ್ಪಳ ಬರಲಿಲ್ಲ. ಆ ಒಂದು ಸುತ್ತಿನಷ್ಟು ಉದ್ದದ ಹಾದಿಯನ್ನು ನಾನು ಇನ್ನೂ ಓಡಿಲ್ಲ.

ತಿರುಗಿ ಬರುವಷ್ಟರಲ್ಲಿ ಗೇಟಿನ ಹತ್ತಿರ ಅಪ್ಪನ ಮೋಟಾರ್ ಸೈಕಲ್ಲು ನಿಂತಿತ್ತು. ಹಿಂದಿನಿಂದ ಭೀಮರಾಯ ಕಾಕಾ ಇಳಿಯುತ್ತಿದ್ದ, ತೊಡೆಯ ಮೇಲಿನ ಚೀಲ ಎದೆಗೆ ಅವಚಿಕೊಂಡು. ಚೀಲದಲ್ಲಿ ತೂಕದ ನಂತರ ನಮಗೆ ತಿನ್ನಿಸಲು ಬಾಳೆಹಣ್ಣು, ಕುದಿಸಿದ ಮೊಟ್ಟೆ. ಅಪ್ಪನ ಕೈಯಲ್ಲಿ ಗೋಕಾಕದಲ್ಲಿ ನಿಂತು ಕೊಂಡ ಕರದಂಟಿನ ಡಬ್ಬಿ.

ಸರ್ ವಿಷಯ ಹೇಳಿದರು. ಅಪ್ಪ ಒಂದು ಗಳಿಗೆ ನನ್ನನ್ನು ನೋಡಿದ. ಅವನಿಗೆ ತಿಳಿಯಿತು. ಅವನ ಹೆಬ್ಬೆರಳು ಡಬ್ಬಿಯ ಮೇಲೆ ಸರಿದಾಡಿದ್ದು ನನಗೆ ಕಂಡಿತು. ನಾಚಿಕೆಗೆ ಅವನ ಬಳಿ ಒಂದೇ ಮದ್ದು, ಜೋರು ದನಿ. ಅದನ್ನು ನನಗೂ ಅವನೇ ಕೊಟ್ಟಿದ್ದಾನೆ.

"ಒಂದ ಕಿಲೋ ಇನ್ನೂರಾ? ಸಾಧ್ಯನ ಇಲ್ಲ. ನಿಮ್ಮ ಯಂತ್ರ ಕೆಟ್ಟೈತಿ. ಹುಡುಗ್ಯಾರ ಜೀವನದ ಜೋಡಿ ಆಟ ಆಡಾಕತ್ತೀರೇನ?" ಅಂತ ಶುರುಮಾಡಿದ.

ಆಯ್ಕೆ ಸಮಿತಿಯ ಹಿರಿಯರು ರಾವಸಾಹೇಬ ಅಂತ, ಕಿವಿ ಮುದುರಿದ ಹಳೇ ಪೈಲವಾನರು. ಅವರು ಸಿಟ್ಟಾಗಲಿಲ್ಲ. ಯಂತ್ರವನ್ನು ಪಡಸಾಲೆಗೆ ತರಿಸಿದರು. ಸರಕಾರಿ ಮುದ್ರೆಯಿದ್ದ ಇಪ್ಪತ್ತು ಕಿಲೋದ ಎರಡು ಕಬ್ಬಿಣದ ಕಲ್ಲುಗಳನ್ನು ಎತ್ತಿ ಅದರ ಮೇಲೆ ಇಡಿಸಿದರು. ನಲವತ್ತು, ಸೊನ್ನೆ ಸೊನ್ನೆ. ಎಲ್ಲರೂ ಬಗ್ಗಿ ನೋಡಿದರು.

"ಯಂತ್ರ ಸರಿ ಐತ್ರಿ. ನೀವ ಎಲ್ಲಿ ತೂಕ ಮಾಡಿದ್ರಿ?" ಅಂದರು ರಾವಸಾಹೇಬರು.

ಅಪ್ಪ ಬಾಯಿ ತೆರೆಯುವ ಮೊದಲೇ ಭೀಮರಾಯ ಕಾಕಾ ಮುಂದೆ ಬಂದ. ಜನರ ಮುಂದೆ ಮಾತಾಡಿ ರೂಢಿಯಿಲ್ಲದವನು, ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದಿದ್ದ.

"ನಮ್ಮ ಸಾವಕಾರ್ರ ಕಾಟಾದ ಮ್ಯಾಲೆ ಮಾಡ್ಯಾರ್ರಿ. ಅದು ತಪ್ಪಂಗಿಲ್ರಿ. ಇಪ್ಪತ್ತ ವರ್ಷ ಆತು, ನಾವ ಬ್ಯಾರೆ ಕಡೆ ಒಂದ ಚೀಲಾನೂ ಹಾಕಿಲ್ಲ. ನಾ ಬೇಕಾದ್ರ ಆಣಿ ಮಾಡಿ ಹೇಳ್ತೇನ್ರಿ," ಅಂದ.

ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಅಪ್ಪ ನೆಲ ನೋಡುತ್ತಿದ್ದ. "ಹೋಗ್ಲಿ ಬಿಡ್ರಿ ಭೀಮಣ್ಣ," ಅಂದ, ಮೊದಲ ಸಲ ಮೆಲ್ಲಗೆ.

"ಕಾಟಾದ ತಪ್ಪಲ್ರಿ ಇದು," ಅಂದರು ಯಲ್ಲೇಶ ಸರ್. "ನಿಮ್ಮ ಹುಡುಗ್ಯಾರು ನಿನ್ನಿ ಗೋಕಾಕದಾಗ ಕರದಂಟು ತಿಂದಾರ. ಅವರ ಒಪ್ಪಿಕೊಂಡಾರ."

ಭೀಮರಾಯ ಕಾಕಾ ಮಗಳ ಕಡೆ ತಿರುಗಿದ. ಹೊಡೆಯುತ್ತಾನೆ ಅಂದುಕೊಂಡೆ. ಅವನು ಟವೆಲ್ಲಿನಿಂದ ಅವಳ ಹಣೆ ಒರೆಸಿ, "ಹಸಿವಿ ತಾಳಲಿಲ್ಲೇನವ್ವಾ?" ಅಂತ ಕೇಳಿದ.

ಮಾಯಾ ನನ್ನ ಕಡೆ ನೋಡಿದಳು. ಕಾಯುತ್ತಿದ್ದಳು. ಅವಳು ತಾನೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಹೇಳಬೇಕಾದ ಬಾಯಿ ಯಾವುದು ಅಂತ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

"ನಾವ ತಿಂದಿಲ್ರಿ ಸರ್," ಅಂದೆ. "ನೀರೂ ಕುಡದಿಲ್ಲ. ನಾ ಸುಳ್ಳ ಹೇಳಿದೆ. ನಮ್ಮ ಕಾಟಾ ಕಮ್ಮಿ ತೋರಸ್ತೈತ್ರಿ. ಅದಕ್ಕ ಒಂದ ಗುಂಡಿ ಐತಿ."

"ಹುಚ್ಚಿ, ಏನ ಮಾತಾಡ್ತಿ?" ಅಂದ ಅಪ್ಪ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುತ್ತಿದ್ದ.

"ಮಾಯಾಗ ಏನೂ ಗೊತ್ತಿದ್ದಿಲ್ಲ," ಅಂದೆ. "ನನಗ ಗೊತ್ತಿತ್ತು. ನಾಕ ವರ್ಷದಿಂದ ಗೊತ್ತೈತಿ."

ಭೀಮರಾಯ ಕಾಕಾ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡ. ಅವನು ಬೈಯಲಿಲ್ಲ. ಏನೋ ಲೆಕ್ಕ ತಪ್ಪಿದವನ ಹಾಗೆ ಅಪ್ಪನನ್ನು ನೋಡಿ, "ತೇವಕ್ಕ ಅಂತ ಚೀಲಕ್ಕ ಇಷ್ಟು ಬ್ಯಾರೆ ಕಳೀತಿದ್ರಲ್ರಿ ಸಾವಕಾರ್ರ," ಅಂದ. "ಹಂಗಾರ ಎರಡ ಸಲ ಕಳದಂಗಾತಲ್ರಿ."

ತೇವ, ಹೊಟ್ಟು, ಮಣ್ಣು. ನಾಲ್ಕು ವರ್ಷ ನಾನು ನಂಬಿಕೊಂಡಿದ್ದ ಆ ಮಾತೂ ಅಲ್ಲಿಯೇ ಬಿದ್ದುಹೋಯಿತು. ಅಪ್ಪ ಕರದಂಟಿನ ಡಬ್ಬಿಯನ್ನು ಎಲ್ಲಿ ಇಡಬೇಕೋ ತಿಳಿಯದೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಏಳೂವರೆಗೆ ಇನ್ನೂ ನಾಲ್ಕು ನಿಮಿಷ ಇತ್ತು. ರಾವಸಾಹೇಬರು ಗಂಟಲು ಸರಿಪಡಿಸಿಕೊಂಡು, ಒಂದು ತಂಡಕ್ಕೆ ಒಂದು ಹೆಸರು ಬದಲಿಸುವ ಅವಕಾಶ ಇದೆ ಅಂದರು. ನಮ್ಮ ತಂಡದಲ್ಲಿ ಐವತ್ತೈದು ಕಿಲೋದ ಗುಂಪು ಖಾಲಿ ಇತ್ತು. ಸರ್ ಪೆನ್ನು ತೆಗೆದು ಅಲ್ಲಿ ಮಾಯಾ ಹೆಸರು ಬರೆದರು. ಅವಳು ಬಿಟ್ಟ ಐವತ್ತಮೂರರಲ್ಲಿ ನಾನು ಸರಿಯಾಗಿ ಹಿಡಿಯುತ್ತಿದ್ದೆ, ಆದರೆ ಬದಲಾವಣೆ ಒಂದೇ. ಅವರು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೂ ನಾನು ಕೇಳುತ್ತಿರಲಿಲ್ಲ ಅಂತ ಬರೆಯಬೇಕು ಅನ್ನಿಸುತ್ತದೆ. ಬರೆಯುವುದಿಲ್ಲ. ಕೇಳುತ್ತಿದ್ದೆನೇನೋ.

ಕುಸ್ತಿಗೆ ಮೊದಲು ಮೈ ಬಿಸಿ ಮಾಡಿಕೊಳ್ಳಲು ಜೊತೆಗೊಬ್ಬರು ಬೇಕು. ನಮ್ಮ ತಂಡದಲ್ಲಿ ಮಾಯಾಳ ತೂಕಕ್ಕೆ ಹತ್ತಿರದವಳು ನಾನೊಬ್ಬಳೇ. ಅವಳು ಬಂದು ನನ್ನೆದುರು ನಿಂತು ಮಣಿಕಟ್ಟು ಹಿಡಿದಳು. ಮೊದಲ ಸಲ ಎತ್ತಿ ಒಗೆದಾಗ ಬೆನ್ನು ಝುಮ್ಮೆಂದಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಾನು ಮೈ ಸಡಿಲ ಬಿಟ್ಟೆ, ಬೀಳಬೇಕು ಅನ್ನಿಸಿತ್ತು.

"ಬಿಟ್ಟ ಕೊಡಬ್ಯಾಡ," ಅಂದಳು. "ನೆಟ್ಟಗ ಹಿಡಿ."

ಮೈದಾನದಿಂದ ಬಂದ ಮೇಲೆ ಅವತ್ತಿಡೀ ಅವಳು ನನ್ನೊಡನೆ ಆಡಿದ ಮಾತು ಅಷ್ಟೇ. ತನಗಿಂತ ಭಾರದವರ ಗುಂಪಿನಲ್ಲಿ ಎರಡು ಕುಸ್ತಿ ಗೆದ್ದಳು, ಕಣಗಲಾ ಊರಿನ ಹುಡುಗಿಗೆ ಒಂದು ಸೋತಳು, ಮೂರನೆಯವಳಾದಳು. ಪತ್ರ ಬಂತು. ನಾನು ಮ್ಯಾಟಿನ ಅಂಚಿನಲ್ಲಿ ಅವಳ ನೀರಿನ ಬಾಟಲಿ ಹಿಡಿದು ಕೂತಿದ್ದೆ. ಅವಳು ಬಾಟಲಿ ತೆಗೆದುಕೊಂಡು ಕುಡಿದಳು, ನನ್ನ ಮುಖ ನೋಡಲಿಲ್ಲ.

ಸಂಜೆ ಅಪ್ಪ ಮೋಟಾರ್ ಸೈಕಲ್ಲು ಚಾಲೂ ಮಾಡಿ ಬಹಳ ಹೊತ್ತು ಕಾದ. "ಬರ್ರಿ ಭೀಮಣ್ಣ," ಅಂದ.

"ನೀವ ನಡೀರಿ. ನಾ ಮಗಳ ಜೋಡಿ ಬಸ್ಸಿಗೆ ಬರ್ತೇನ್ರಿ," ಅಂದ ಭೀಮರಾಯ ಕಾಕಾ. ಆಗಲೂ ಬಹುವಚನ ಬಿಡಲಿಲ್ಲ. ಅಪ್ಪನ ಹಿಂದೆ ನಾನು ಕೂತು ನಾಗನೂರಿನವರೆಗೆ ಬಂದೆ.

ಮಾರನೆಯ ದಿನವೇ ಅಪ್ಪ ಗೋಕಾಕದಿಂದ ರಿಪೇರಿಯವನನ್ನು ಕರೆಸಿ ಗುಂಡಿ ಕೀಳಿಸಿದ. ಕಿತ್ತ ಜಾಗದ ತೂತಿಗೆ ಎಂ-ಸೀಲ್ ಮೆತ್ತಿಸಿದ. ಒಂದು ವಾರ ಒಂದು ಚೀಲವೂ ಬರಲಿಲ್ಲ. ಯಲ್ಲೇಶ ಸರ್ ತಾಲೀಮಿಗೆ ಹೊಸ ತೂಕದ ಯಂತ್ರ ತಂದರು, ನನ್ನನ್ನೂ ಬರಲು ಹೇಳಿದರು. ನಂಬಿಕೆಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಎಂಟನೆಯ ದಿನ ಭೀಮರಾಯ ಕಾಕಾ ಉಳಿದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಮ್ಮ ಅಂಗಡಿಯ ಮುಂದೆಯೇ ನಿಲ್ಲಿಸಿದ. ಜೊತೆಗೆ ಮಾಯಾ. ಅಪ್ಪ ಎದ್ದು ನಿಂತ. ಹೆಂಗಸರು ಕಟ್ಟೆಯ ಮೇಲಿಂದ ನೋಡುತ್ತಿದ್ದರು.

"ಬ್ಯಾರೆ ಕಡೆ ಹೋದ್ರ ಅವ್ರ ಕಾಟಾ ಹೆಂಗೈತೋ ಯಾರಿಗ್ಗೊತ್ತು," ಅಂದ ಕಾಕಾ. ಆಮೇಲೆ ಮಗಳಿಗೆ, "ನಿಂದರವ್ವಾ," ಅಂದ.

ಮಾಯಾ ಚಪ್ಪಲಿ ಬಿಟ್ಟು ಕಾಟಾ ಹತ್ತಿದಳು. "ಮುಂಜಾನಿ ತಾಲೀಮಿನ್ಯಾಗ ಐವತ್ನಾಲ್ಕು ಮುನ್ನೂರ ಇದ್ದೆ," ಅಂದಳು. ಕೆಂಪು ಅಂಕಿ ಐವತ್ನಾಲ್ಕು ಮುನ್ನೂರರಲ್ಲಿ ನಿಂತಿತು. ಕಾಕಾ ಬಗ್ಗಿ ನೋಡಿ, ಓದಲು ಬಾರದಿದ್ದರೂ ಅಂಕಿಗಳನ್ನು ಒಂದೊಂದಾಗಿ ಗುರುತಿಸಿ, "ಹಾಂ. ಇಳಸ್ರಿ ಚೀಲಾ," ಅಂದ.

ಅಲ್ಲಿಂದ ಅದು ನಡೆದು ಬಂತು. ಅರಿಸಿನದ ಕಾಲಕ್ಕೆ ಊರಿನವರು ಚೀಲ ತಂದರೆ ಮೊದಲು ಮಾಯಾಳನ್ನು ಕರೆಯುತ್ತಿದ್ದರು. ಜೂನಿನಲ್ಲಿ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿ ಅವಳು ಹೋದಳು. ಹೋಗುವ ಮುಂಚೆ ನಮ್ಮ ಮನೆಗೆ ಬಂದು ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ನನಗೆ, "ಬಿಡದ ಪ್ರಾಕ್ಟೀಸ್ ಮಾಡು," ಅಂದಳು. ಅಷ್ಟಕ್ಕೇ ನನಗೆ ಅಳು ಬಂತು. ಅವಳು ಹೋದ ಮೇಲೆ ಒಂದು ದಿನ ಗುಡ್ಡಪ್ಪ ಅನ್ನುವ ರೈತ ಅಂಗಡಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ.

"ರಾಜವ್ವ ಅದಾಳೇನ್ರಿ? ಹುಕ್ಕೇರ್ಯಾಗ ಐವತ್ತೊಂದು ಇನ್ನೂರ ಇದ್ಲಲ್ಲ. ಆಕೀನ ಕರೀರಿ."

ಅಂದಿನಿಂದ ನಾನು. ದಿನಾ ಬೆಳಿಗ್ಗೆ ತಾಲೀಮಿನಲ್ಲಿ ತೂಕ ನೋಡಿ ಬರುತ್ತೇನೆ. "ಇವತ್ತ ಎಷ್ಟ ಅದೀ ತಂಗಿ?" ಅಂತ ಕೇಳುತ್ತಾರೆ. ಹೇಳುತ್ತೇನೆ. ಹತ್ತಿ ನಿಲ್ಲುತ್ತೇನೆ. ಅವರು ಅಂಕಿ ನೋಡುತ್ತಾರೆ, ತಲೆಯಾಡಿಸುತ್ತಾರೆ, ಇಳಿಯುತ್ತೇನೆ. ನಾನು ಹೇಳಿದ ಅಂಕಿಯನ್ನು ಅವರು ನಂಬುತ್ತಾರೆ. ಯಾಕೆ ನಂಬುತ್ತೀರಿ ಅಂತ ಕೇಳುವ ಧೈರ್ಯ ನನಗಿಲ್ಲ. ನಾನು ನಿಂತಿರುವಷ್ಟು ಹೊತ್ತು ಅಪ್ಪ ರಸ್ತೆಯ ಕಡೆ ನೋಡುತ್ತಾನೆ, ಅಲ್ಲಿ ಯಾರೂ ಇಲ್ಲದಿದ್ದರೂ.

ಹೋದ ವಾರ ಪದ್ಮವ್ವ ಬಂದಿದ್ದಳು. ಹೊಳೆಯಾಚೆಯ ಊರಿನ ಮುದುಕಿ, ತಲೆಯ ಮೇಲೆ ಅರ್ಧ ಚೀಲ ಗೋವಿನಜೋಳ ಹೊತ್ತು ತಂದವಳು. ಅವಳಿಗೆ ನಮ್ಮ ಸುದ್ದಿ ಏನೂ ತಿಳಿದಿರಲಿಲ್ಲ. ಚೀಲವನ್ನು ನೇರ ಕಾಟಾದ ಮೇಲೆ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಒಳಮನೆಯಲ್ಲಿದ್ದೆ. ಇವತ್ತು ಕರೆಯುವವರಿಲ್ಲ ಅಂತ ಸಮಾಧಾನವಾಯಿತು.

ಅಪ್ಪ ಎದ್ದು ಚೀಲವನ್ನು ತಾನೇ ಎತ್ತಿ ಕೆಳಗಿಟ್ಟ.

"ರಾಜವ್ವ," ಅಂತ ಕರೆದ. "ಬಾರವ್ವಾ. ನಿಂದರ."

"ಯಾಕ್ರಿ ಸಾವಕಾರ್ರ?" ಅಂದಳು ಪದ್ಮವ್ವ. "ನಾ ನಿಮ್ಮನ್ನ ನಂಬತೇನ್ರಿ."

"ನಂಬಬ್ಯಾಡ್ರಿ," ಅಂದ ಅಪ್ಪ. "ನೋಡ್ರಿ."

ನಾನು ಚಪ್ಪಲಿ ಬಿಟ್ಟು ಹತ್ತಿ ನಿಂತೆ. "ಎಷ್ಟ ಅದೀ?" ಅಂತ ಅಪ್ಪ ಕೇಳಿದ. ಹೇಳಿದೆ. ಅವನು ರಸ್ತೆಯ ಕಡೆ ತಿರುಗಲಿಲ್ಲ. ಬಗ್ಗಿ, ಕೆಂಪು ಅಂಕಿಯನ್ನು ಆ ಮುದುಕಿಗೆ ಕೇಳುವಂತೆ ಗಟ್ಟಿಯಾಗಿ ಓದಿದ. ಅವಳು ಸಾಕು ಅನ್ನುವವರೆಗೆ ನಾನು ಇಳಿಯಲಿಲ್ಲ.